ಹೀಬ್ರೂ ಬೈಬಲ್: ಮೂರು ಮುದ್ರಣ ಓದಿ ನೋಡಿದೆ

ಹೀಬ್ರೂ ವ್ಯಾಕರಣ ಒಂದಿಷ್ಟು ಕೈಗೆ ಹತ್ತಿದ ಮೇಲೆ ಹೀಬ್ರೂ ಬೈಬಲ್‌ನಲ್ಲಿ ಯೋನ ಅನ್ನೋ ಪ್ರವಾದಿಯ ಪುಸ್ತಕ ಹಿಡಿದೆ. ನಾಲ್ಕೇ ಅಧ್ಯಾಯ, 48 ವಚನ. ಆದರೆ ಯಾವ ಮುದ್ರಣದಲ್ಲಿ ಓದಬೇಕು ಅನ್ನೋದು ತಿಳಿಯಲು ಒಂದು ವರ್ಷ ಹಿಡಿಯಿತು.

ಪಂಪನ ಕಾವ್ಯ ಸಂಪಾದಿಸುವವರು ಸಿಕ್ಕ ಓಲೆಪ್ರತಿಗಳನ್ನು ಹೋಲಿಸಿ, ಸರಿ ಕಂಡ ಪಾಠವನ್ನು ಮೇಲೆ ಹಾಕುತ್ತಾರೆ. ಉಳಿದ ಪಾಠಾಂತರ ಅಡಿಟಿಪ್ಪಣಿಗೆ ಹೋಗುತ್ತದೆ. ನಾನು ಓದಿದ ಮೂರು ಹೀಬ್ರೂ ಮುದ್ರಣಗಳು ಹಾಗಲ್ಲ. ಒಂದು ಹಸ್ತಪ್ರತಿಯನ್ನು ಇದ್ದ ಹಾಗೇ ಅಚ್ಚು ಮಾಡುತ್ತವೆ. ತಪ್ಪು ಅನ್ನಿಸಿದ್ದನ್ನೂ ಮೇಲೆ ತಿದ್ದುವುದಿಲ್ಲ. ಚರ್ಚೆಯೆಲ್ಲ ಪುಟದ ಕೆಳಗೆ. ಹಾಗಾಗಿ ಇಲ್ಲಿ ಆರಿಸಬೇಕಾದದ್ದು ಟಿಪ್ಪಣಿಯನ್ನೇ.

ಮೊದಲು ಕೊಂಡದ್ದು ಸ್ಟುಟ್‌ಗಾರ್ಟ್‌ನ ಬಿಬ್ಲಿಯಾ ಹೆಬ್ರಾಯಿಕಾ, ಎಲ್ಲರ ಬಾಯಲ್ಲಿ ಬಿಎಚ್‌ಎಸ್. 1977ರಲ್ಲಿ ಪೂರ್ತಿಯಾಯಿತು. ಮೂಲ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಲೆನಿನ್‌ಗ್ರಾಡ್ ಕೋಡೆಕ್ಸ್ (ಕೋಡೆಕ್ಸ್ ಅಂದರೆ ಹಾಳೆ ಕಟ್ಟಿದ ಕೈಬರಹದ ಪುಸ್ತಕ), ಸುಮಾರು 1008ರದ್ದು. ಇಡೀ ಗ್ರಂಥ ಒಂದೇ ಸಂಪುಟದಲ್ಲಿ ಸಿಗುವುದು ದೊಡ್ಡ ಅನುಕೂಲ. ಆದರೆ ಟಿಪ್ಪಣಿ ಲ್ಯಾಟಿನ್ ಸಂಕ್ಷೇಪಗಳಲ್ಲಿದೆ. ‘ಡಿಎಲ್’ ಅಂದರೆ ಅಳಿಸು, ‘ಪಿಆರ್‌ಪಿ’ ಅಂದರೆ ಯಾರೋ ಹೀಗೆ ಸೂಚಿಸಿದ್ದಾರೆ. ಯಾಕೆ ಅಳಿಸಬೇಕು? ಹೇಳುವುದಿಲ್ಲ. ಕಾರಣ ಕೊಡದೆ ತೀರ್ಪು ಕೊಟ್ಟರೆ ಕಲಿಯುವವರು ಸುಮ್ನೆ ಒಪ್ಪಿಕೊಂಡುಬಿಡುತ್ತಾರೆ. ನಾನೂ ಹಾಗೇ ಮಾಡಿದೆ.

ಎರಡನೆಯದು ಇದರ ಮುಂದಿನ ತಲೆಮಾರು, ಬಿಬ್ಲಿಯಾ ಹೆಬ್ರಾಯಿಕಾ ಕ್ವಿಂಟಾ, ಚುಟುಕಾಗಿ ಬಿಎಚ್‌ಕ್ಯು. ಮೂಲ ಅದೇ ಹಸ್ತಪ್ರತಿ. 2004ರಿಂದ ಬಿಡಿ ಸಂಪುಟಗಳಾಗಿ ಬರುತ್ತಿದೆ. ಯೋನ ಇರುವ ಹನ್ನೆರಡು ಪ್ರವಾದಿಗಳ ಸಂಪುಟ 2010ರದ್ದು. ಇಲ್ಲಿ ಲ್ಯಾಟಿನ್ ಕಾಟವಿಲ್ಲ, ಸಂಕ್ಷೇಪ ಇಂಗ್ಲಿಷ್‌ನಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಪಾಠ ಯಾವ ಬಗೆಯಲ್ಲಿ ಬದಲಾಗಿರಬಹುದು ಅನ್ನೋದನ್ನೂ ಗುರುತಿಸುತ್ತಾರೆ: ಸುತ್ತಲಿನ ಮಾತಿಗೆ ಹೊಂದಿಸಿದ್ದೋ, ಕಷ್ಟದ ಪದವನ್ನು ಸುಲಭ ಮಾಡಿದ್ದೋ, ಅನುವಾದಕರ ರೀತಿಯೋ. ಜೊತೆಗೆ ಬೇರೆ ವಿವರಣೆಯ ಭಾಗವೂ ಇದೆ.

ಯೋನ 3:4 (ಮೂರನೇ ಅಧ್ಯಾಯ, ನಾಲ್ಕನೇ ವಚನ) ತೆಗೆದುಕೊಳ್ಳಿ. ಯೋನ ನಿನೆವೆ ಅನ್ನೋ ಊರಿಗೆ ಹೋಗಿ ಸಾರುವ ಮಾತು ಅದು. ಹೀಬ್ರೂದಲ್ಲಿ ‘ಇನ್ನು ನಲವತ್ತು ದಿನ, ನಿನೆವೆ ಕೆಡವಲ್ಪಡುವುದು’ ಅಂತಿದೆ. ಹಳೆಯ ಗ್ರೀಕ್ ಅನುವಾದದಲ್ಲಿ ಮೂರೇ ದಿನ! ನಲವತ್ತು ದಿನವಾದರೆ ಊರಿಗೆ ಯೋಚಿಸಲು ಸಮಯವಿದೆ. ಮೂರು ದಿನವಾದರೆ ಉಸಿರು ಬಿಡಲೂ ಬಿಡುವಿಲ್ಲ. ಕಥೆಯ ಓಟವೇ ಬೇರೆ, ಅಲ್ವಾ? ಹಿಂದಿನ ವಚನದಲ್ಲಿ ನಿನೆವೆ ಮೂರು ದಿನದ ದಾರಿಯಷ್ಟು ದೊಡ್ಡ ಊರು ಅಂತಿದೆ. ಆ ಮೂರು ಇಲ್ಲಿಗೂ ಜಾರಿರಬಹುದು ಅಂತ ನನಗೆ ಹೊಳೆದದ್ದು ಬಿಎಚ್‌ಕ್ಯು ಓದಿನ ಅಭ್ಯಾಸದಿಂದ. ‘ಯಾವುದು ಸರಿ’ ಅಂತ ಕೇಳುತ್ತಿದ್ದವನು ‘ಹೇಗೆ ಹೀಗಾಯಿತು’ ಅಂತ ಕೇಳತೊಡಗಿದೆ.

ಮೂರನೆಯದು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಮುದ್ರಣ. ಇದರ ಮೂಲ ಅಲೆಪ್ಪೊ ಕೋಡೆಕ್ಸ್, ಸುಮಾರು 930ರದ್ದು, ಲೆನಿನ್‌ಗ್ರಾಡ್‌ಗಿಂತ ಹಳೆಯದು. 1947ರ ಅಲೆಪ್ಪೊ ಗಲಭೆಯ ನಂತರ ಅದರ ತುಂಬಾ ಹಾಳೆಗಳು ಕಾಣೆಯಾದವು. ಯೋನನ ಪುಸ್ತಕವೂ ಅದರಲ್ಲಿ ಹೋಯಿತು. ಆ ಸಾಲು ಓದಿದಾಗ ನಿಜಕ್ಕೂ ಹೊಟ್ಟೆ ಉರಿಯಿತು. ಹಾಗಾಗಿ ಇನ್ನೊಬ್ಬ ಪ್ರವಾದಿ ಯೆಶಾಯನ ಸಂಪುಟ ನೋಡಿದೆ, ಗ್ರಂಥಾಲಯದಲ್ಲಿ.

ಪುಟದ ಕೆಳಗೆ ಟಿಪ್ಪಣಿ ಪದರ ಪದರವಾಗಿದೆ. ಹಳೆಯ ಅನುವಾದಗಳು ಒಂದು ಕಡೆ, ಮೃತ ಸಮುದ್ರದ ಬಳಿ ಗುಹೆಗಳಲ್ಲಿ ಸಿಕ್ಕ ತುಂಬಾ ಹಳೆಯ ಸುರುಳಿಗಳು ಮತ್ತು ರಬ್ಬಿಗಳ (ಯೆಹೂದಿ ಧರ್ಮಪಂಡಿತರ) ಉಲ್ಲೇಖ ಇನ್ನೊಂದು ಕಡೆ, ಮಧ್ಯಕಾಲದ ಹಸ್ತಪ್ರತಿಗಳು ಬೇರೆ. ಯೆಶಾಯ 40:7ರಿಂದ 8ರವರೆಗೆ ‘ಹುಲ್ಲು ಒಣಗುವುದು, ಹೂವು ಬಾಡುವುದು’ ಎರಡು ಸಲ ಬರುತ್ತದೆ. ಗ್ರೀಕ್‌ನಲ್ಲಿ ಒಂದೇ ಸಲ. ಆ ಮೃತ ಸಮುದ್ರದ ಸುರುಳಿಗಳಲ್ಲೊಂದಾದ ದೊಡ್ಡ ಯೆಶಾಯ ಸುರುಳಿಯಲ್ಲಿ ಮೊದಲ ಲಿಪಿಕಾರ ಬಿಟ್ಟದ್ದನ್ನು ಇನ್ನೊಂದು ಕೈ ಸಾಲಿನ ನಡುವೆ, ಅಂಚಿನಲ್ಲಿ ಸೇರಿಸಿದೆ. ಕಣ್ಣು ಒಂದು ‘ಹುಲ್ಲಿ’ನಿಂದ ಇನ್ನೊಂದಕ್ಕೆ ಹಾರಿತೇ? ಸಂಪಾದಕರು ಇದನ್ನೇ ಆರಿಸಿ ಅನ್ನುವುದಿಲ್ಲ. ಸಾಕ್ಷಿ ಮುಂದಿಟ್ಟು ಸುಮ್ಮನಾಗುತ್ತಾರೆ. ನನಗೆ ಈ ಗೌರವ ತುಂಬಾ ಇಷ್ಟವಾಯಿತು. ಆದರೆ ಹೊಸಬರಿಗೆ ಜಾಸ್ತಿಯೇ ಭಾರ.

ಹೊಸದಾಗಿ ಶುರುಮಾಡುವವರಿಗೆ ಒಂದು ಎಚ್ಚರಿಕೆ. ಈ ಮುದ್ರಣಗಳಲ್ಲಿ ಮೀನು ಯೋನನನ್ನು ನುಂಗುವುದು 2:1ರಲ್ಲಿ. ಕನ್ನಡ ಸತ್ಯವೇದದಲ್ಲಿ ಅದೇ 1:17. ಇದು ತಿಳಿಯದೆ ಎರಡನೇ ಅಧ್ಯಾಯದ ಟಿಪ್ಪಣಿಯೆಲ್ಲ ಒಂದೊಂದು ವಚನ ತಪ್ಪಿಸಿ ಓದಿದ್ದೆ.

ಒಂದನ್ನೇ ಕೊಳ್ಳುವುದಾದರೆ ಬಿಎಚ್‌ಎಸ್ ಕೊಳ್ಳಿ, ಇಡೀ ಗ್ರಂಥ ಕೈಯಲ್ಲಿರುತ್ತದೆ. ಒಂದು ಪುಸ್ತಕವನ್ನು ಆಳವಾಗಿ ಓದುವ ಮನಸ್ಸಿದ್ದರೆ ಬಿಎಚ್‌ಕ್ಯುವಿನ ಆ ಸಂಪುಟ. ನನ್ನ ಮೇಜಿನ ಮೇಲೆ ಈಗ ಅದೇ ಇದೆ. ಯೆಶಾಯಕ್ಕೆ ಮಾತ್ರ ಇನ್ನೂ ಗ್ರಂಥಾಲಯಕ್ಕೇ ಹೋಗುತ್ತೇನೆ.