ಪಾಸಾದ ಹಾಳೆ ಸದಸ್ಯತ್ವವಲ್ಲ: ಸಿಐಎಸ್‌ಎಸ್‌ಪಿ ಬರೆದವರು ಎಡವುವ ಜಾಗ

ಸೈಬರ್ ಭದ್ರತೆಯ ಸರ್ಟಿಫಿಕೇಷನ್ ಆದ ಸಿಐಎಸ್‌ಎಸ್‌ಪಿಗೆ ಪರೀಕ್ಷೆ ಬರೆದು ಕೇಂದ್ರದಿಂದ ಹೊರಗೆ ಬರುವಾಗ ಕೌಂಟರಿನಲ್ಲಿ ಕೈಗೊಂದು ಪ್ರಿಂಟೌಟ್ ಕೊಡುತ್ತಾರೆ. ಮೊದಲಿಗೆ ಅಭಿನಂದನೆ, ಅದರ ಬೆನ್ನಿಗೇ 'ಸದ್ಯಕ್ಕೆ ತಾತ್ಕಾಲಿಕವಾಗಿ ತೇರ್ಗಡೆ' ಅನ್ನುವ ಅರ್ಥದ ಸಾಲು. ಈ ಎರಡನೆಯ ಸಾಲನ್ನು ಹೆಚ್ಚಿನವರು ಓದುವುದೇ ಇಲ್ಲ. ಮೆಟ್ರೋ ಹತ್ತಿ ಕೂರುವಷ್ಟರಲ್ಲಿ ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಪಕ್ಕ ಸಿಐಎಸ್‌ಎಸ್‌ಪಿ ಅಂತ ಸೇರಿಸಿ ಆಗಿರುತ್ತದೆ. ಸಂಜೆಯೊಳಗೆ ನೂರು ಜನ ಶುಭಾಶಯ ಹೇಳಿರುತ್ತಾರೆ.

ಏಳು ವರ್ಷ ನೆಟ್‌ವರ್ಕ್ ಮತ್ತು ಫೈರ್‌ವಾಲ್ ಕೆಲಸ ಮಾಡಿದ್ದ ಬೆಂಗಳೂರಿನ ಎಂಜಿನಿಯರ್ ಒಬ್ಬರಿಗೆ ಇದೇ ಮುಳುವಾಯಿತು. 749 ಡಾಲರ್ ಕಟ್ಟಿ, ಮೊದಲ ಯತ್ನದಲ್ಲೇ ಪಾಸಾಗಿದ್ದರು. ಹನ್ನೊಂದು ತಿಂಗಳ ಮೇಲೆ ಒಳ್ಳೆಯ ಆಫರ್ ಬಂತು. ಹಿನ್ನೆಲೆ ತಪಾಸಣೆಯವರು ಸದಸ್ಯತ್ವದ ಸಂಖ್ಯೆ ಕೇಳಿದಾಗ, ಪರೀಕ್ಷೆಗೆ ನೋಂದಾಯಿಸುವಾಗ ಬಂದಿದ್ದ ಐಡಿಯನ್ನೇ ಕೊಟ್ಟರು. ಸಿಐಎಸ್‌ಎಸ್‌ಪಿ ಕೊಡುವ ಐಎಸ್‌ಸಿ2 ಸಂಸ್ಥೆಯ ಪರಿಶೀಲನೆಯಲ್ಲಿ ಆ ಐಡಿಗೆ ಯಾವ ಸರ್ಟಿಫಿಕೇಷನ್ನೂ ಕಾಣಲಿಲ್ಲ. ವರದಿಯಲ್ಲಿ 'ಡಿಸ್ಕ್ರೆಪೆನ್ಸಿ' ಅಂತ ಬಂತು, ಆಫರ್ ವಾಪಸ್ ಹೋಯಿತು. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ಆದರೆ ಎಚ್‌ಆರ್ ನೋಡುವುದು ಉದ್ದೇಶವನ್ನಲ್ಲ, ವರದಿಯ ಕಾಲಂ ಅನ್ನು.

ಆಗಿದ್ದಿಷ್ಟು. ಪರೀಕ್ಷೆ ಪಾಸಾದ ದಿನದಿಂದ 9 ತಿಂಗಳೊಳಗೆ ಎಂಡಾರ್ಸ್‌ಮೆಂಟ್, ಅಂದರೆ ಅನುಭವದ ಅನುಮೋದನೆಯ ಅರ್ಜಿ ಮುಗಿಸಬೇಕು. ಸಿಐಎಸ್‌ಎಸ್‌ಪಿಯ ಎಂಟು ವಿಭಾಗಗಳಲ್ಲಿ ಕನಿಷ್ಠ ಎರಡರಲ್ಲಿ, ಒಟ್ಟು 5 ವರ್ಷದ ಅನುಭವ ತೋರಿಸಬೇಕು. ಪದವಿಗೋ ಒಪ್ಪಿತ ಪಟ್ಟಿಯಲ್ಲಿರುವ ಬೇರೊಂದು ಸರ್ಟಿಫಿಕೇಷನ್‌ಗೋ 1 ವರ್ಷ ವಿನಾಯಿತಿ ಸಿಗುತ್ತದೆ. ಎರಡೂ ಇದ್ದರೂ ವಿನಾಯಿತಿ ಒಂದೇ ವರ್ಷ. ಈಗಾಗಲೇ ಸದಸ್ಯರಾಗಿರುವ ಒಬ್ಬರು ನಿಮ್ಮ ಅನುಭವವನ್ನು ಅನುಮೋದಿಸಬೇಕು. ಅರ್ಜಿ ಮಂಜೂರಾಗಿ, ಮೊದಲ ವಾರ್ಷಿಕ ಶುಲ್ಕ ಕಟ್ಟಿದ ಮೇಲೆಯೇ ಆ ಅಕ್ಷರಗಳು ನಿಮ್ಮವು. ಗಡುವು ದಾಟಿದರೆ ಪರೀಕ್ಷೆ ಮತ್ತೆ ಬರೆಯಬೇಕು, ಅಂದರೆ ಇನ್ನೊಮ್ಮೆ ಅರವತ್ತು ಸಾವಿರದ ಮೇಲೆ.

ಒಂಬತ್ತು ತಿಂಗಳು ಧಾರಾಳವಾಯಿತು ಅನಿಸುತ್ತದೆ. ಅದನ್ನು ನುಂಗುವುದು ಹಳೆಯ ಕಂಪನಿಗಳ ಪತ್ರ. ನಮ್ಮಲ್ಲಿನ ರಿಲೀವಿಂಗ್ ಲೆಟರ್ ಒಂದನ್ನು ತೆಗೆದು ನೋಡಿ. ಮೂರೇ ಸಾಲು: ಇಂಥವರು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ 'ಸೀನಿಯರ್ ಸಿಸ್ಟಮ್ಸ್ ಎಂಜಿನಿಯರ್' ಆಗಿದ್ದರು, ಕೊಡತಕ್ಕ ಬಾಕಿ ಏನೂ ಇಲ್ಲ, ಮುಂದಿನ ಬದುಕಿಗೆ ಶುಭವಾಗಲಿ. ಕೆಳಗೆ ಸೀಲು. ನೀವು ಫೈರ್‌ವಾಲ್ ನಿಯಮ ಬರೆದಿರೋ, ಪ್ರಿಂಟರ್ ರಿಪೇರಿ ಮಾಡಿದಿರೋ, ಅದರಿಂದ ತಿಳಿಯುವುದಿಲ್ಲ. ಐಎಸ್‌ಸಿ2 ಕೆಲವು ಅರ್ಜಿಗಳನ್ನು ಯಾದೃಚ್ಛಿಕವಾಗಿ ಆಡಿಟ್‌ಗೆ ಎತ್ತಿಕೊಳ್ಳುತ್ತದೆ. ಆಗ ಈ ಮೂರು ಸಾಲು ಸಾಲದು. ಕೆಲಸದ ವಿವರ ಬರೆದ ಪತ್ರ ಬೇಕಾಗುತ್ತದೆ. ಅಷ್ಟರಲ್ಲಿ ಹಳೆಯ ಮ್ಯಾನೇಜರ್ ಕೆನಡಾಕ್ಕೆ ಹೋಗಿರುತ್ತಾರೆ, ಸ್ಟಾರ್ಟಪ್ ಬಾಗಿಲು ಹಾಕಿರುತ್ತದೆ, ದೊಡ್ಡ ಕಂಪನಿಯ ಎಚ್‌ಆರ್ 'ನಮ್ಮ ಪಾಲಿಸಿಯಲ್ಲಿ ಇಷ್ಟೇ ಕೊಡುವುದು' ಅನ್ನುತ್ತದೆ.

ಇಪಿಎಫ್‌ಓ ಪೋರ್ಟಲ್‌ನ ಸರ್ವಿಸ್ ಹಿಸ್ಟರಿ ಇಲ್ಲಿ ಅರ್ಧ ನೆರವಿಗೆ ಬರುತ್ತದೆ. ಸೇರಿದ ದಿನಾಂಕ, ಬಿಟ್ಟ ದಿನಾಂಕ ಅದರಲ್ಲಿರುತ್ತವೆ. ಆದರೆ ಅದು ದಿನಾಂಕಕ್ಕೆ ಪುರಾವೆ, ಕೆಲಸಕ್ಕಲ್ಲ. ಕೆಲಸಕ್ಕೆ ಬೇಕಾದದ್ದು ಆಗ ನಿಮ್ಮ ಮೇಲಿದ್ದವರು ಬರೆದುಕೊಟ್ಟ ಪತ್ರ. ಅದರ ಕರಡನ್ನು ನೀವೇ ಸಿದ್ಧ ಮಾಡಿ ಕಳಿಸಿದರೆ ಬೇಗ ಸಹಿಯಾಗುತ್ತದೆ. 'ಸೆಕ್ಯುರಿಟಿ ನೋಡಿಕೊಳ್ಳುತ್ತಿದ್ದರು' ಅಂತ ಬರೆಸಬೇಡಿ. 'ವಾರಕ್ಕೊಮ್ಮೆ ಫೈರ್‌ವಾಲ್ ನಿಯಮಗಳ ಮರುಪರಿಶೀಲನೆ, ವಿಪಿಎನ್ ಪ್ರವೇಶ ಕೊಡುವುದು ಮತ್ತು ತೆಗೆಯುವುದು, ಕೆಲಸ ಬಿಟ್ಟವರ ಖಾತೆ ಮುಚ್ಚುವುದು' ಅಂತ ಬರೆಸಿ. ಮೊದಲನೆಯದು ನೆಟ್‌ವರ್ಕ್ ಭದ್ರತೆಯ ವಿಭಾಗಕ್ಕೆ, ಉಳಿದೆರಡು ಗುರುತು ಮತ್ತು ಪ್ರವೇಶ ನಿರ್ವಹಣೆಯ ವಿಭಾಗಕ್ಕೆ ಸಲ್ಲುತ್ತವೆ. ಎರಡು ವಿಭಾಗ ಅಲ್ಲಿಗೇ ಆಯಿತು. ಇದೆಲ್ಲ ಪರೀಕ್ಷೆಗೆ ಓದುತ್ತಿರುವಾಗಲೇ ಮಾಡಬಹುದಾದ ಕೆಲಸ, ಮಾಡುವವರು ಕಡಿಮೆ.

ಹೆಸರಿನ ಇನಿಷಿಯಲ್ ಇನ್ನೊಂದು ಕಾಟ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಬಿಡಿಸಿ ಬರೆದಿರುತ್ತದೆ, ಆಫೀಸಿನ ದಾಖಲೆಯಲ್ಲಿ ಬರೀ 'ಎಚ್.ಎಂ.' ಇರುತ್ತದೆ. ಪರೀಕ್ಷೆಗೆ ಕೊಡುವ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು, ಇಲ್ಲದಿದ್ದರೆ ಕೇಂದ್ರದ ಬಾಗಿಲಿನಿಂದಲೇ ವಾಪಸ್ ಕಳಿಸಬಹುದು, ಕಟ್ಟಿದ ಹಣವೂ ಹೋಗುತ್ತದೆ. ನೋಂದಣಿಯ ದಿನವೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ.

ಈಗ ಎಂಡಾರ್ಸ್‌ಮೆಂಟ್ ಮಾಡಿಸಿಕೊಡುವ ದಲ್ಲಾಳಿಗಳ ವಿಷಯ. 'ನಮ್ಮ ಕಡೆ ಸದಸ್ಯರಿದ್ದಾರೆ, ಇಷ್ಟು ಕೊಟ್ಟರೆ ಸಹಿ ಹಾಕಿಸುತ್ತೇವೆ' ಅಂತ ವಾಟ್ಸಾಪ್‌ನಲ್ಲಿ ಬರುತ್ತಾರೆ. ಮೇಲೆ ಹೇಳಿದ ಎಂಜಿನಿಯರ್ ಇಂಥವರೊಬ್ಬರಿಗೂ ದುಡ್ಡು ಕೊಟ್ಟಿದ್ದರು. ಆಸಾಮಿ ಎರಡು ತಿಂಗಳು ನಾಳೆ ನಾಡಿದ್ದು ಅಂತ ಸತಾಯಿಸಿ ನಾಪತ್ತೆಯಾದ. ಕೈಬಿಟ್ಟ ದುಡ್ಡಿಗಿಂತ ಆ ಎರಡು ತಿಂಗಳೇ ದುಬಾರಿಯಾಯಿತು. ಗೊತ್ತಿರುವ ಸದಸ್ಯರು ಯಾರೂ ಇಲ್ಲದಿದ್ದರೆ ಐಎಸ್‌ಸಿ2 ಸಂಸ್ಥೆಯೇ ಎಂಡಾರ್ಸರ್ ಆಗಿ ನಿಲ್ಲುತ್ತದೆ, ಅರ್ಜಿಯಲ್ಲೇ ಆ ಆಯ್ಕೆ ಇದೆ. ಪರಿಶೀಲನೆ ಸ್ವಲ್ಪ ಬಿಗಿಯಾಗಿರುತ್ತದೆ, ಅಷ್ಟೆ. ದಲ್ಲಾಳಿ ನಿಜಕ್ಕೂ ಯಾರದೋ ಸಹಿ ಹಾಕಿಸಿದರೆ ಇನ್ನೂ ಕೆಟ್ಟದ್ದು. ನಿಮ್ಮ ಮುಖವನ್ನೇ ನೋಡದವರು ನಿಮ್ಮ ಅನುಭವಕ್ಕೆ ಸಾಕ್ಷಿ ಹೇಳಿದರೆ ಅದು ನೀತಿ ಸಂಹಿತೆಯ ಉಲ್ಲಂಘನೆ. ದೂರು ಹೋದರೆ ಇಬ್ಬರ ಸರ್ಟಿಫಿಕೇಷನ್ನಿಗೂ ಕುತ್ತು.

ಅನುಭವ ನಿಜವಾಗಿಯೂ ಕಡಿಮೆ ಇದ್ದರೆ ಅಸೋಸಿಯೇಟ್ ಎಂಬ ದಾರಿ ಇದೆ. ಪರೀಕ್ಷೆ ಪಾಸಾಗಿ, ವರ್ಷಕ್ಕೆ 50 ಡಾಲರ್ ಕಟ್ಟುತ್ತ, 6 ವರ್ಷದೊಳಗೆ 5 ವರ್ಷದ ಅನುಭವ ಗಳಿಸಬಹುದು. ಆದರೆ ಬರೆದುಕೊಳ್ಳಬಹುದಾದದ್ದು 'ಅಸೋಸಿಯೇಟ್ ಆಫ್ ಐಎಸ್‌ಸಿ2' ಎಂದಷ್ಟೇ. ಅದರ ಪಕ್ಕ ಸಿಐಎಸ್‌ಎಸ್‌ಪಿ ಅಂತ ಸೇರಿಸುವಂತಿಲ್ಲ, ಆವರಣದೊಳಗೂ ಇಲ್ಲ. ಹೀಗೆ ಸೇರಿಸಿದ ಪ್ರೊಫೈಲುಗಳು ಇವತ್ತಿಗೂ ಎಷ್ಟು ಬೇಕಾದರೂ ಕಾಣಸಿಗುತ್ತವೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳುವವರು ಈ ಅಕ್ಷರಗಳಿಂದ ಇಲ್ಲಿ ಕೆಲಸ ಹೇಗೆ ಸಿಗುತ್ತದೆ ಅನ್ನುವುದನ್ನು ನೋಡಬೇಕು. ತರಬೇತಿ ಸಂಸ್ಥೆಗಳ ಕರಪತ್ರದಲ್ಲಿರುವ ಸಂಬಳದ ಅಂಕಿಗಳನ್ನು ಬಿಡಿ. ಅವುಗಳಲ್ಲಿ ಹೆಚ್ಚಿನವು ಅಮೆರಿಕದವು, ಅಲ್ಲಿ ರಕ್ಷಣಾ ಇಲಾಖೆಯ ಕೆಲವು ಹುದ್ದೆಗಳಿಗೆ ಮಾನ್ಯ ಸರ್ಟಿಫಿಕೇಷನ್ ಇರಬೇಕೆಂಬ ನಿಯಮವೇ ಇದೆ. ನಮ್ಮಲ್ಲಿ ನಿಜವಾದ ಬೇಡಿಕೆ ಬರುವುದು ಲೆಕ್ಕ ತೋರಿಸಬೇಕಾದ ಕಡೆಯಿಂದ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಆಡಿಟ್ ಸಂಸ್ಥೆಗಳು ತಮ್ಮಲ್ಲಿ ಸಿಐಎಸ್‌ಎಸ್‌ಪಿ ಎಷ್ಟು ಜನ, ಐಟಿ ಆಡಿಟ್‌ನ ಸರ್ಟಿಫಿಕೇಷನ್ ಆದ ಸಿಐಎಸ್‌ಎ ಎಷ್ಟು, ಮಾಹಿತಿ ಭದ್ರತೆಯ ಮಾನದಂಡವಾದ ಐಎಸ್‌ಓ 27001ರ ಲೀಡ್ ಆಡಿಟರ್ ಎಷ್ಟು ಅಂತ ಸಂಖ್ಯೆ ಕೊಡಬೇಕು. ಷೇರು ದಲ್ಲಾಳಿಗಳ ಸಿಸ್ಟಮ್ ಆಡಿಟ್‌ಗೆ ಸೆಬಿ ಹಾಕಿರುವ ಅರ್ಹತೆಯಲ್ಲೂ ಇವೇ ಹೆಸರುಗಳು ಬರುತ್ತವೆ. ಅಂದರೆ ನಿಮ್ಮ ಬಯೋಡಾಟಾದ ನಾಲ್ಕೈದು ಅಕ್ಷರ ಕಂಪನಿಯ ಟೆಂಡರ್ ಕಾಗದದ ಒಂದು ಅಂಕಿಯಾಗುತ್ತದೆ. ಅದು ಪೊಳ್ಳು ಅಂತ ಗೊತ್ತಾದರೆ ಮುಜುಗರ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ.

ಸರ್ಟಿಫಿಕೇಷನ್ ಬಂದ ಮೇಲೂ ಜಾರುವವರಿದ್ದಾರೆ. ವರ್ಷಕ್ಕೆ 135 ಡಾಲರ್ ಶುಲ್ಕ, ಅಂದರೆ ಹನ್ನೊಂದು ಹನ್ನೆರಡು ಸಾವಿರ ರೂಪಾಯಿ, ಜೊತೆಗೆ ಕಾರ್ಡಿನ ವಿದೇಶಿ ವಹಿವಾಟಿನ ಖರ್ಚು. ಪರೀಕ್ಷೆಯ ಶುಲ್ಕ ತುಂಬಿಕೊಡುವ ಎಷ್ಟೋ ಕಂಪನಿಗಳು ಇದನ್ನು ತುಂಬಿಕೊಡುವುದಿಲ್ಲ. ಮೂರು ವರ್ಷದಲ್ಲಿ 120 ಸಿಪಿಇ, ಅಂದರೆ ಮುಂದುವರಿದ ಕಲಿಕೆಯ ಅಂಕ ತೋರಿಸಬೇಕು, ಅದರಲ್ಲಿ 90 ಭದ್ರತೆಗೇ ಸಂಬಂಧಿಸಿರಬೇಕು. ಲೆಕ್ಕ ಸರಳ, ಸುಮಾರಾಗಿ ಒಂದು ಗಂಟೆ ಕಲಿತರೆ ಒಂದು ಅಂಕ. ಮೂರನೆಯ ವರ್ಷದ ಕೊನೆಯ ವಾರ ರಾತ್ರಿಯಿಡೀ ವೆಬಿನಾರ್ ಓಡಿಸಿಕೊಂಡು ಕೂರುವವರಿಗೆ ಮಾತ್ರ ಇದು ಕಷ್ಟ. ಸೈಬರ್ ಭದ್ರತೆಯವರ ಬಳಗಗಳಾದ ಓಡಬ್ಲ್ಯುಎಎಸ್‌ಪಿಯ ಮತ್ತು ನಲ್ ಸಮುದಾಯದ ಬೆಂಗಳೂರು ಸಭೆಗಳಿಗೆ ಪ್ರವೇಶ ಉಚಿತ. ಶನಿವಾರದ ಬೆಳಿಗ್ಗೆಯೊಂದನ್ನು ಅಲ್ಲಿ ಕಳೆದರೆ ಅಂಕವೂ ಬರುತ್ತದೆ, ನಾಳೆ ನಿಮ್ಮನ್ನು ನಿಜವಾಗಿ ಬಲ್ಲ ಎಂಡಾರ್ಸರ್ ಕೂಡ ಅಲ್ಲೇ ಸಿಗಬಹುದು. ಹಾಜರಿಯ ಪುರಾವೆ ಅಂತ ನೋಂದಣಿಯ ಇಮೇಲನ್ನು ಎತ್ತಿಡಿ.

ಸಿಐಎಸ್‌ಎ ಕೊಡುವ ಐಸಾಕಾ ಸಂಸ್ಥೆಯ ಲೆಕ್ಕ ಬೇರೆ. ಅಲ್ಲಿ ಸದಸ್ಯತ್ವವೇ ಒಂದು, ಸರ್ಟಿಫಿಕೇಷನ್ನೇ ಇನ್ನೊಂದು. ಹಣ ಕಟ್ಟಿದ ಯಾರಾದರೂ ಸದಸ್ಯರಾಗಬಹುದು, ಅಷ್ಟಕ್ಕೇ ಸಿಐಎಸ್‌ಎ ಆಗುವುದಿಲ್ಲ. ಸಿಐಎಸ್‌ಎ ಪಾಸಾದವರಿಗೆ ಅನುಭವ ತೋರಿಸಿ ಅರ್ಜಿ ಹಾಕಲು 5 ವರ್ಷ ಅವಕಾಶವಿದೆ. ಆ ಧಾರಾಳವೇ ಮರೆವಿಗೆ ಕಾರಣವಾಗುತ್ತದೆ.

ಇನ್ನು 'ಫೆಲೋ', 'ಚಾರ್ಟರ್ಡ್' ಅಂತ ನೇರವಾಗಿ ಬಿರುದು ಮಾರುವ ಸಂಘಗಳಿವೆ. ಪರೀಕ್ಷೆ ಇಲ್ಲ, ಅನುಭವದ ಪತ್ರ ಬೇಡ, ಯುಪಿಐನಲ್ಲಿ ದುಡ್ಡು ಹಾಕಿದರೆ ಬಂಗಾರದ ಅಂಚಿನ ಪ್ರಮಾಣಪತ್ರ ಪಿಡಿಎಫ್ ಆಗಿ ಬರುತ್ತದೆ. 'ಸರ್ಕಾರದಿಂದ ನೋಂದಾಯಿತ' ಅಂತ ತೋರಿಸುವುದು ಬಹುಮಟ್ಟಿಗೆ ಉದ್ಯಮ್ ನೋಂದಣಿಯನ್ನೋ, ಸೊಸೈಟಿ ನೋಂದಣಿಯನ್ನೋ. ಕಿರಾಣಿ ಅಂಗಡಿಗೂ ಉದ್ಯಮ್ ಸಂಖ್ಯೆ ಸಿಗುತ್ತದೆ. ಐಎಸ್‌ಓ 9001 ಮುದ್ರೆಯೂ ಪರೀಕ್ಷೆಯ ಗುಣಮಟ್ಟಕ್ಕೆ ಸಾಕ್ಷಿಯಲ್ಲ. ವ್ಯಕ್ತಿಗಳಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗಿರುವ ಮಾನದಂಡ ಐಎಸ್‌ಓ/ಐಇಸಿ 17024. ಆ ಮಾನ್ಯತೆ ತಮಗಿದೆ ಅಂದರೆ, ಕೊಟ್ಟವರು ಯಾರು ಅಂತ ಕೇಳಿ, ಆ ಮಾನ್ಯತಾ ಸಂಸ್ಥೆಯ ಪಟ್ಟಿಯಲ್ಲಿ ನೀವೇ ಹುಡುಕಿ. ಸಂಘದವರು ಕಳಿಸುವ ಲಿಂಕ್ ಒತ್ತಿ ನೋಡುವುದು ಹುಡುಕಿದಂತಲ್ಲ.

ಪಾಸಾಗಿ ಎಂಡಾರ್ಸ್‌ಮೆಂಟ್ ಬಾಕಿ ಇರುವವರು ಪ್ರೊಫೈಲಿನಿಂದ ಅಕ್ಷರಗಳನ್ನು ಇವತ್ತೇ ತೆಗೆಯಿರಿ. ನೌಕರಿ ಜಾಲತಾಣದಲ್ಲಿ ಏರಿಸಿಟ್ಟ ಹಳೆಯ ಬಯೋಡಾಟಾವನ್ನೂ ಬದಲಿಸಿ, ರಿಕ್ರೂಟರ್ ಕೈಗೆ ಮೊದಲು ಹೋಗುವುದು ಅದೇ. ಆಮೇಲೆ ಪರೀಕ್ಷೆಯ ದಿನಾಂಕ ನೋಡಿ ತಿಂಗಳು ಎಣಿಸಿ. ಮಾರ್ಚ್ 10ಕ್ಕೆ ಪಾಸಾದವರ ಗಡುವು ಡಿಸೆಂಬರ್ 10ರ ಹೊತ್ತಿಗೆ ಮುಗಿಯುತ್ತದೆ. ಆಡಿಟ್‌ಗೆ ಎತ್ತಿಕೊಂಡರೂ ಉತ್ತರಿಸಲು ಸಮಯವಿರಬೇಕೆಂದರೆ, ಆಯುಧಪೂಜೆಗೆ ಮೊದಲೇ ಹಳೆಯ ಮ್ಯಾನೇಜರುಗಳ ಸಹಿಯಿರುವ ಪತ್ರಗಳು ನಿಮ್ಮ ಕೈಯಲ್ಲಿರಬೇಕು.