ಉದ್ದ ಟುಟುವೋ, ಗಿಡ್ಡ ಟುಟುವೋ? 1890ರ ದಶಕದ ಪಾತ್ರಕ್ಕೆ ಯಾವುದು ಸರಿ

ವಿಕ್ಟೋರಿಯಾ ಕಾಲದ ಕೊನೆಯ ಬ್ಯಾಲೆ ನರ್ತಕಿಯ ಪಾತ್ರಕ್ಕೆ ಟುಟು, ಅಂದರೆ ಪದರಪದರವಾದ ಬ್ಯಾಲೆ ಲಂಗ, ಹೊಲಿಸುವವರು ಹೆಚ್ಚಾಗಿ ಕಣ್ಣುಮುಚ್ಚಿ ಉದ್ದದ್ದನ್ನೇ ಆರಿಸುತ್ತಾರೆ. ನನ್ನ ಮತ ಗಿಡ್ಡದಕ್ಕೆ.

ಮೀನಖಂಡದವರೆಗೆ ಇಳಿಯುವ ಗಂಟೆಯಾಕಾರದ ರೊಮ್ಯಾಂಟಿಕ್ ಟುಟು ಹೆಸರಾದದ್ದು 1832ರಲ್ಲಿ, ಪ್ಯಾರಿಸ್ಸಿನಲ್ಲಿ ನರ್ತಕಿ ಮರೀ ತಾಲ್ಯೋನಿ 'ಲಾ ಸಿಲ್ಫೀಡ್' ಬ್ಯಾಲೆಯಲ್ಲಿ ಅದನ್ನು ತೊಟ್ಟ ಮೇಲೆ. ಅಪ್ಸರೆ, ಪ್ರೇತಗಳ ಕಥೆಗೆ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ಕಾಲಿನ ಕೆಲಸ ಅದರೊಳಗೇ ಮುಚ್ಚಿಹೋಗುತ್ತದೆ.

1880ರ ದಶಕಕ್ಕೆ ಬರುವಾಗ ಇಟಲಿಯ ನರ್ತಕಿಯರ ಪಾದದ ಚಳಕ ನೋಡಲೆಂದೇ ಜನ ಸೇರುತ್ತಿದ್ದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವರ್ಜೀನಿಯಾ ಜುಕ್ಕಿ ಗಿಡ್ಡ ಲಂಗವೇ ಬೇಕೆಂದು ಹಟ ಹಿಡಿದರು. 1895ರ 'ಸ್ವಾನ್ ಲೇಕ್'ನಲ್ಲಿ ಪಿಯೆರೀನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗಿದರು. ಉದ್ದ ಲಂಗದಲ್ಲಿ ಆ ಸುತ್ತುಗಳ ಅರ್ಧ ಸೊಗಸೂ ಕಾಣುತ್ತಿರಲಿಲ್ಲ. ಬ್ಯಾಲೆ ನರ್ತಕಿಯರನ್ನು ಚಿತ್ರಿಸಿದ ಫ್ರೆಂಚ್ ಕಲಾವಿದ ಡೆಗಾನ ಚಿತ್ರಗಳನ್ನು ಹತ್ತಿರದಿಂದ ನೋಡಿ: ಗಂಜಿ ಹಾಕಿದ ತೆಳು ಬಟ್ಟೆಯ ಪದರಗಳು ಸೊಂಟದಿಂದ ಉಬ್ಬಿ, ಮೊಣಕಾಲಿನ ಆಸುಪಾಸಿನಲ್ಲಿ ನಿಲ್ಲುತ್ತವೆ. ಅಳತೆಗೆ ಅದೇ ಸಾಕು.

ಬೆಂಕಿಯ ವಿಷಯದಲ್ಲಿ ಎರಡೂ ಅಪಾಯಕಾರಿಯೇ. ಉಡುಪಿಗೆ ಗ್ಯಾಸ್ ದೀಪದ ಕಿಡಿ ತಗುಲಿ, ಪ್ಯಾರಿಸ್ಸಿನ ನರ್ತಕಿ ಎಮ್ಮಾ ಲಿವ್ರಿ ತಿಂಗಳುಗಟ್ಟಲೆ ನರಳಿ 1863ರಲ್ಲಿ ತೀರಿಕೊಂಡರು. ಬೆಂಕಿ ತಡೆಯುವ ದ್ರಾವಣ ಆಗಲೇ ಇತ್ತು, ಬಟ್ಟೆ ಮಂಕಾಗುತ್ತದೆಂದು ಅವರು ಒಪ್ಪಿರಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಂಗಡಿಯಲ್ಲಿ ಸುಲಭವಾಗಿ ಸಿಗುವ, ತಟ್ಟೆಯಂತೆ ಚಪ್ಪಟೆಯಾದ ಟುಟು ಮಾತ್ರ ಬೇಡ. ಅದು 20ನೇ ಶತಮಾನದ್ದು.