ಮುನ್ನೂರ ಐದು ಬರೆಯಲು ಒಂದು ಮರದ ಪೆಟ್ಟಿಗೆ

ನಾನು ಪಿಗ್ಮಿ ಏಜೆಂಟ್. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ ಕಡೆಯ ಅಂಗಡಿಗಳನ್ನು ದಿನಾ ಸಂಜೆ ಸುತ್ತುತ್ತೇನೆ. ಒಬ್ಬರು ಐವತ್ತು ಕೊಡುತ್ತಾರೆ, ಇನ್ನೊಬ್ಬರು ನೂರು, ಮತ್ತೊಬ್ಬರು ಇಪ್ಪತ್ತು. ಕೈಯಲ್ಲಿರುವ ಮಷೀನಿನಲ್ಲಿ ಅಂಕಿ ಒತ್ತಿ ಚೀಟಿ ಹರಿದು ಕೊಡುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಕೊಟ್ಟ 50 ರೂಪಾಯಿಗೆ 500 ಎಂದು ಒತ್ತಿಬಿಟ್ಟಿದ್ದೆ. ಒಂದು ಸೊನ್ನೆ ಜಾಸ್ತಿ, ಅಷ್ಟೇ. ರಾತ್ರಿ ಲೆಕ್ಕ ಕೂಡಿಸಿದಾಗ 450 ರೂಪಾಯಿ ಕಡಿಮೆ ಬಂತು. ಕೈಯಿಂದ ತುಂಬಿದೆ. ಹಾಗಾಗಿ ಮಗಳ ಪುಸ್ತಕದಲ್ಲಿ ‘ಮುನ್ನೂರ ಐದು’ ಎಂಬಲ್ಲಿ 3005 ಎಂದು ಕಂಡಾಗ ನನಗೆ ನಗು ಬರಲಿಲ್ಲ.

ಅವಳು ಮೂರನೇ ತರಗತಿ, ಕನ್ನಡ ಮಾಧ್ಯಮ. ಯಾಕೆ ಹೀಗೆ ಬರೆದೆ ಎಂದು ಕೇಳಿದೆ. “ಮುನ್ನೂರು ಅಂದ್ರೆ 300 ಅಲ್ವಾ ಅಮ್ಮಾ? ಅದರ ಪಕ್ಕ ಐದು ಬರೆದೆ” ಅಂದಳು. ಯೋಚಿಸಿ ನೋಡಿದರೆ, ಕಿವಿಗೆ ಕೇಳಿದ್ದನ್ನೇ ಅವಳು ಹಾಗೇ ಬರೆದಿದ್ದಳು. ಬಾಯಲ್ಲಿ ಹೇಳುವಾಗ ‘ನೂರು’ ಎಂಬ ಮಾತು ಬರುತ್ತದೆ. ಬರೆಯುವಾಗ ಆ ಮಾತು ಎಲ್ಲೂ ಕಾಣುವುದಿಲ್ಲ, 3 ಕೂತ ಜಾಗವೇ ಅದನ್ನು ಹೇಳಬೇಕು. ಶಾಲೆಯಲ್ಲಿ ಇದನ್ನು ಹೇಳಿಕೊಟ್ಟಿಲ್ಲ ಎಂದಲ್ಲ. ಮುಖಬೆಲೆ, ಸ್ಥಾನಬೆಲೆ ಎರಡೂ ಅವಳಿಗೆ ಬಾಯಿಪಾಠ. 305ರಲ್ಲಿ 3ರ ಸ್ಥಾನಬೆಲೆ ಎಷ್ಟು ಎಂದರೆ ತಟ್ಟನೆ 300 ಎನ್ನುತ್ತಾಳೆ. ಆದರೆ ಪೆನ್ಸಿಲ್ ಹಿಡಿದಾಗ ಅದು ಕೈಗೆ ಬರುತ್ತಿರಲಿಲ್ಲ.

ಆ ವಾರವೇ ಪೇಟೆಯ ಒಂದು ಸ್ಟೇಷನರಿ ಅಂಗಡಿಯಲ್ಲಿ ಈ ಮರದ ತುಂಡುಗಳ ಪೆಟ್ಟಿಗೆ ತಂದೆ. 560 ರೂಪಾಯಿ. ಮೂರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಮಾಲು ನಾಲ್ಕಾರು ಹೆಸರಿನಲ್ಲಿ ಸಿಗುತ್ತದೆ, ಒಳಗಿರುವುದು ಹೆಚ್ಚು ಕಡಿಮೆ ಒಂದೇ.

ಪೆಟ್ಟಿಗೆಯಲ್ಲಿ ಒಟ್ಟು 121 ತುಂಡು. ಒಂದು ಸೆಂಟಿಮೀಟರ್ ಅಳತೆಯ ಹಸಿರು ಬಿಡಿಗಳು 100. ಹತ್ತು ಬಿಡಿ ಸಾಲಾಗಿ ಇಟ್ಟಷ್ಟು ಉದ್ದದ ನೀಲಿ ಕಡ್ಡಿಗಳು 10. ಹತ್ತು ಕಡ್ಡಿ ಒತ್ತಾಗಿ ಜೋಡಿಸಿದಷ್ಟು ಅಗಲದ ಕೆಂಪು ಹಲಗೆಗಳು 10. ಹತ್ತು ಹಲಗೆ ಒಂದರ ಮೇಲೊಂದು ಪೇರಿಸಿದಷ್ಟು ದೊಡ್ಡ ಗಟ್ಟಿ ಒಂದು, ಅದು ಸಾವಿರ. ಇದಕ್ಕೆ ಡೀನೆಸ್ ಬ್ಲಾಕ್ ಎಂದೂ ಹೇಳುತ್ತಾರೆ ಎಂದು ಮಗಳ ಟೀಚರ್ ತಿಳಿಸಿದರು. ಹಂಗೆರಿಯಲ್ಲಿ ಹುಟ್ಟಿದ ಗಣಿತಜ್ಞ ಝೋಲ್ಟಾನ್ ಡೀನೆಸ್ (1916–2014) ಇವನ್ನು ಶಾಲೆಗಳಲ್ಲಿ ಬಳಕೆಗೆ ತಂದವರು. ನಮ್ಮ ಸರ್ಕಾರಿ ಶಾಲೆಗಳಿಗೆ ಗಣಿತ ಕಲಿಕಾ ಆಂದೋಲನದಲ್ಲಿ ಕೊಟ್ಟ ಕಿಟ್ಟಿನಲ್ಲೂ ಇಂಥ ತುಂಡುಗಳಿವೆ. ಅದು ನಾಲ್ಕು, ಐದನೇ ತರಗತಿಯವರಿಗೆ. ನನಗೆ ಅಲ್ಲಿಯವರೆಗೆ ಕಾಯುವ ಮನಸ್ಸಿರಲಿಲ್ಲ.

ನಮ್ಮ ಅತ್ತೆ ಪೆಟ್ಟಿಗೆ ನೋಡಿದವರೇ, “ಇಷ್ಟಕ್ಕೆ ಐನೂರ ಅರವತ್ತು ಕೊಟ್ಟೇನವ್ವಾ? ಮನೇಲಿ ಹುಣಸೆ ಬೀಜ ಇರಲಿಲ್ವಾ?” ಅಂದರು. ಆಗ ಸ್ವಲ್ಪ ಬೇಜಾರಾಯಿತು. ಆದರೆ ಮುಂದಿನ ಭಾನುವಾರ ಅವರು ಡಬ್ಬಿಯಿಂದ ಬೀಜ ಸುರಿದು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮುನ್ನೂರ ಐದು ಎಣಿಸು ಎಂದರು. ಒಂದೊಂದೇ ಎಣಿಸುತ್ತಾ ಹೋದವಳಿಗೆ ನೂರ ಎಂಬತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ. ಮತ್ತೆ ತಪ್ಪಿತು. ಆಗ ಅತ್ತೆ, “ಹತ್ತು ಹತ್ತು ಗುಡ್ಡೆ ಹಾಕು ಪುಟ್ಟಿ” ಎಂದರು. ಮೂವತ್ತು ಗುಡ್ಡೆ ಆದವು, ಐದು ಬೀಜ ಉಳಿದವು. ನೆಲದ ಮೇಲೆ ಮೂವತ್ತು ಗುಡ್ಡೆಯನ್ನು ನೋಡಿದ ಮಗಳು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ: “ಇಷ್ಟೊಂದು ಹತ್ತು ಇದಾವಲ್ಲ, ಮತ್ತೆ ಹತ್ತರ ಮನೇಲಿ ಸೊನ್ನೆ ಯಾಕೆ ಬರೀತಾರೆ?”

ಅತ್ತೆ ಮೂರು ಬಟ್ಟಲು ತರಿಸಿದರು. ಒಂದೊಂದಕ್ಕೆ ಹತ್ತು ಗುಡ್ಡೆ ಸುರಿಸಿದರು. ಈಗ ನೆಲದ ಮೇಲೆ ಒಂದೂ ಗುಡ್ಡೆ ಇಲ್ಲ. ಮೂರು ಬಟ್ಟಲು, ಐದು ಬಿಡಿ ಬೀಜ. ಹತ್ತುಗಳು ಎಲ್ಲೂ ಹೋಗಿಲ್ಲ, ನೂರರೊಳಗೆ ಸೇರಿಕೊಂಡಿವೆ. ಗುಡ್ಡೆಯಾಗಿ ಹೊರಗೆ ಉಳಿದದ್ದು ಏನೂ ಇಲ್ಲ. ಅದಕ್ಕೇ ಅಲ್ಲಿ ಸೊನ್ನೆ.

ಈ ಪೆಟ್ಟಿಗೆಯ ಬಗ್ಗೆ ನನ್ನ ದೊಡ್ಡ ದೂರು ಇದೇ ಜಾಗದಲ್ಲಿದೆ. ಇದರಲ್ಲಿ ಹತ್ತು ತಯಾರಾಗಿಯೇ ಬರುತ್ತದೆ. ಕಡ್ಡಿಯ ಮೇಲೆ ಗೆರೆ ಕೊರೆದಿದ್ದಾರೆ ನಿಜ, ಆದರೆ ಮಗು ಅದನ್ನು ಒಂದು ಕಡ್ಡಿ ಎಂದೇ ನೋಡುತ್ತದೆ, ಹತ್ತು ಬಿಡಿ ಎಂದು ನೋಡುವುದಿಲ್ಲ. ಮೊದಲು ಬೀಜವೋ, ಕಡಲೆಯೋ, ರಬ್ಬರ್ ಬ್ಯಾಂಡ್ ಹಾಕಿದ ಕಡ್ಡಿಯೋ, ಮಗು ತನ್ನ ಕೈಯಾರೆ ಹತ್ತು ಕಟ್ಟಬೇಕು, ಬಿಚ್ಚಬೇಕು. ಒಂದು ವಾರವಾದರೂ. ಆಮೇಲೆ ಪೆಟ್ಟಿಗೆ ತೆಗೆಯಿರಿ. ಪೆಟ್ಟಿಗೆಯ ಜೊತೆ ಕೊಟ್ಟ ಹಾಳೆಯಲ್ಲಿ ಈ ಮಾತು ಎಲ್ಲೂ ಇಲ್ಲ. ಹಾಳೆಯೂ ಬರೀ ಇಂಗ್ಲಿಷ್. ತುಂಡು ಇಡುವ ಚಾಪೆಯ ಮೇಲೆ ಎಚ್, ಟಿ, ಓ ಎಂದು ಅಚ್ಚು ಮಾಡಿದ್ದಾರೆ. ಅದರ ಮೇಲೆ ಕಾಗದ ಅಂಟಿಸಿ ನೂ, ಹ, ಬಿ ಎಂದು ನಾನೇ ಬರೆದೆ. ಎಡಕ್ಕೆ ಇನ್ನೊಂದು ಮನೆ ಸೇರಿಸಿ ‘ಸಾ’ ಎಂದೂ ಬರೆದೆ. ದೊಡ್ಡ ಗಟ್ಟಿ ಕೊಟ್ಟು ಅದಕ್ಕೆ ಜಾಗವನ್ನೇ ಕೊಟ್ಟಿರಲಿಲ್ಲ.

ಕನ್ನಡದಲ್ಲಿ ಹೇಳಿಕೊಡುವುದರಲ್ಲಿ ಒಂದು ಅನುಕೂಲ ಇದೆ. ಇನ್ನೂರು ಎಂದರೆ ಎರಡು ನೂರು, ಮುನ್ನೂರು ಎಂದರೆ ಮೂರು ನೂರು. ಇಪ್ಪತ್ತು ಎಂದರೆ ಎರಡು ಹತ್ತು ಎಂದು ಒಮ್ಮೆ ತೋರಿಸಿದರೆ ಎಪ್ಪತ್ತು, ಎಂಬತ್ತರಲ್ಲೂ ಅವರೇ ಹತ್ತನ್ನು ಹುಡುಕುತ್ತಾರೆ. ಪಕ್ಕದ ಮನೆಯ ಹುಡುಗ ಇಂಗ್ಲಿಷ್ ಮಾಧ್ಯಮ. ಥರ್ಟೀನ್, ಥರ್ಟಿ ಎರಡೂ ಅವನ ಕಿವಿಗೆ ಒಂದೇ ತರ ಕೇಳಿಸಿ 13 ಬರೆಯುವಲ್ಲಿ 30 ಬರೆಯುತ್ತಿದ್ದ. ಅವನಿಗೂ ಹದಿಮೂರು, ಮೂವತ್ತು ಎಂದು ಹೇಳಿ, ಒಂದು ಕಡ್ಡಿ ಮೂರು ಬಿಡಿ, ಮೂರು ಕಡ್ಡಿ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ.

ಇನ್ನು ಪೆಟ್ಟಿಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಕಳೆಯುವ ಲೆಕ್ಕದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೊಂದಕ್ಕೇ ನಾನು ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

305ರಲ್ಲಿ 128 ಕಳೆಯಬೇಕು. ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಹೇಗೆ? ಐದರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದ ಮನೆಯಿಂದ ಸಾಲ ತಗೋ. ಪಕ್ಕದಲ್ಲಿ ಸೊನ್ನೆ, ಅದರಾಚೆ ಹೋಗು. ಮೂರು ಎರಡಾಯಿತು, ಸೊನ್ನೆ ಒಂಬತ್ತಾಯಿತು, ಐದು ಹದಿನೈದಾಯಿತು. ಆ ಒಂಬತ್ತು ಎಲ್ಲಿಂದ ಬಂತು ಎಂದು ನಾನು ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಮಗಳ ಮುಂದೆ ಮೂರು ಹಲಗೆ, ಐದು ಬಿಡಿ ಇಟ್ಟೆ. ನಾನು ಬ್ಯಾಂಕು, ಪೆಟ್ಟಿಗೆ ನನ್ನ ಮಡಿಲಲ್ಲಿ. “ಎಂಟು ಬಿಡಿ ಕೊಡು” ಎಂದೆ. ಅವಳ ಹತ್ತಿರ ಐದೇ ಇವೆ. ಕಡ್ಡಿ ಒಂದೂ ಇಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಒಂದು ಹಲಗೆ ನನ್ನ ಕಡೆ ಚಾಚಿ, “ನೂರಕ್ಕೆ ಚಿಲ್ಲರೆ ಕೊಡಿ” ಅಂದಳು. ಹತ್ತು ಕಡ್ಡಿ ಕೊಟ್ಟೆ. ಅದರಲ್ಲಿ ಒಂದನ್ನು ವಾಪಸ್ ಚಾಚಿದಳು, “ಇದಕ್ಕೂ ಚಿಲ್ಲರೆ”. ಹತ್ತು ಬಿಡಿ ಕೊಟ್ಟೆ. ಈಗ ಅವಳ ಮುಂದೆ ಎರಡು ಹಲಗೆ, ಒಂಬತ್ತು ಕಡ್ಡಿ, ಹದಿನೈದು ಬಿಡಿ. ಆ ಒಂಬತ್ತು ಅಲ್ಲೇ ಕೂತಿತ್ತು. ಹತ್ತರಲ್ಲಿ ಒಂದು ಮುರಿದ ಮೇಲೆ ಉಳಿದದ್ದು. ಒಂದು ಹಲಗೆ, ಎರಡು ಕಡ್ಡಿ, ಎಂಟು ಬಿಡಿ ಕೊಟ್ಟಳು. ಉಳಿದದ್ದು 177.

ಸಾಲ ಎನ್ನುವುದಕ್ಕಿಂತ ಚಿಲ್ಲರೆ ಎನ್ನುವುದು ಎಷ್ಟೋ ಸರಿ. ಸಾಲ ತಂದರೆ ತೀರಿಸಬೇಕು. ಚಿಲ್ಲರೆ ಮಾಡಿಸಿದರೆ ಕೈಯಲ್ಲಿರುವ ಮೊತ್ತ ಬದಲಾಗುವುದೇ ಇಲ್ಲ, ರೂಪ ಮಾತ್ರ ಬದಲು. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಕಳೆಯುವ ಲೆಕ್ಕಕ್ಕೆ ಚಿಲ್ಲರೆ ಎಂದೇ ಹೇಳುತ್ತೇವೆ. ಇದನ್ನು ಕೇಳುತ್ತಾ ಕೂತಿದ್ದ ಅತ್ತೆ ಅವರ ಅವ್ವನ ಕಾಲದ ಆಣೆ ಲೆಕ್ಕ ತೆಗೆದರು. ಆಗ ಹದಿನಾರು ಆಣೆ ಕೂಡಿದರೆ ಒಂದು ರೂಪಾಯಿ. ಹತ್ತಕ್ಕೆ ಏನೂ ಆಗುತ್ತಿರಲಿಲ್ಲ. 1957ರ ಏಪ್ರಿಲ್‌ನಲ್ಲಿ ನೂರು ಪೈಸೆಯ ರೂಪಾಯಿ ಬಂತು. ಹತ್ತೇ ಯಾಕೆ, ಹದಿನಾರು ಯಾಕಲ್ಲ ಎಂದು ಮಗಳು ಆ ದಿನ ಬಹಳ ಹೊತ್ತು ಕೇಳಿದಳು. ಬೆರಳು ತೋರಿಸಿದೆ.

ಈಗ ಮಾಲಿನ ಕೊರತೆ. ಕಡ್ಡಿ ಸಾಲುವುದಿಲ್ಲ. 278ಕ್ಕೆ 145 ಕೂಡಿಸೋಣ ಎಂದು ಎರಡನ್ನೂ ಇಡಲು ಹೋದೆವು. ಏಳು ಕಡ್ಡಿ, ನಾಲ್ಕು ಕಡ್ಡಿ, ಹನ್ನೊಂದು ಬೇಕು. ಇರುವುದು ಹತ್ತು. ಕೂಡಿಸಿ ದಶಕ ಮಾಡುವುದನ್ನು ಕಲಿಸಲೆಂದೇ ಮಾರುವ ವಸ್ತುವಿನಲ್ಲಿ ಹೀಗಾಗಬಾರದು. ಇಪ್ಪತ್ತು ಕಡ್ಡಿ ಇರಲೇಬೇಕು. ನಾನು ಒಂದು ಸೆಂಟಿಮೀಟರ್ ಚೌಕದ ಹಾಳೆಯನ್ನು ರಟ್ಟಿಗೆ ಅಂಟಿಸಿ ಹತ್ತು ಪಟ್ಟಿ ಕತ್ತರಿಸಿಕೊಂಡೆ, ಅದರಲ್ಲೇ ನಡೆಯುತ್ತಿದೆ.

ಮರ ಕೊಯ್ದದ್ದೂ ಅಷ್ಟು ನೇರವಾಗಿಲ್ಲ. ಹತ್ತು ಬಿಡಿ ಸಾಲಾಗಿ ಇಟ್ಟರೆ ಕಡ್ಡಿಗಿಂತ ಒಂದು ಕೂದಲೆಳೆ ಉದ್ದ ಬರುತ್ತದೆ. ದೊಡ್ಡವರಿಗೆ ಇದು ಸಣ್ಣ ವಿಷಯ. ಮಗಳು ಮಾತ್ರ, “ಸಮ ಇಲ್ಲ ಅಮ್ಮಾ, ಇದು ಹತ್ತಕ್ಕಿಂತ ಕಮ್ಮಿ” ಎಂದು ಹಟ ಹಿಡಿದಳು. ಅವಳು ಹೇಳಿದ್ದು ಸರಿಯೇ. ಸಮ ಎಂದು ನಂಬಿಸಲು ತಂದ ವಸ್ತು ಸಮ ಇರಬೇಕು. ಕೊಳ್ಳುವಾಗ ಅಂಗಡಿಯಲ್ಲೇ ಹತ್ತು ಬಿಡಿ ಜೋಡಿಸಿ ಕಡ್ಡಿಯ ಪಕ್ಕ ಹಿಡಿದು ನೋಡಿ.

ಬಣ್ಣದಿಂದ ಇನ್ನೊಂದು ತೊಂದರೆ. ಒಂದು ದಿನ ಬೇಕೆಂದೇ ಐದು ಬಿಡಿಯನ್ನು ಎಡಕ್ಕೆ, ಮೂರು ಹಲಗೆಯನ್ನು ಬಲಕ್ಕೆ ಇಟ್ಟು ಎಷ್ಟು ಎಂದು ಕೇಳಿದೆ. ಮುನ್ನೂರ ಐದು ಎಂದಳು. ಸರಿಯಾದ ಉತ್ತರ, ತುಂಡುಗಳನ್ನು ಎಲ್ಲಿ ಇಟ್ಟರೂ ಮೊತ್ತ ಅಷ್ಟೇ. ಅಂದರೆ ಈ ಆಟದಲ್ಲಿ ಜಾಗಕ್ಕೆ ಬೆಲೆಯೇ ಇಲ್ಲ, ಸೊನ್ನೆಯ ಅಗತ್ಯವೂ ಇಲ್ಲ. ಕೆಂಪು ಎಂದರೆ ನೂರು ಎಂದು ತುಂಡೇ ಹೇಳಿಬಿಡುತ್ತದೆ. ನೂರು ಎಷ್ಟು ದೊಡ್ಡದು ಎಂಬುದು ಅವಳಿಗೆ ಗೊತ್ತಾಗಿತ್ತು. ಅಂಕಿ ಎಲ್ಲಿ ಕೂರಬೇಕು ಎಂಬುದು ಇನ್ನೂ ಬಾಕಿ ಇತ್ತು.

ಅದಕ್ಕೆ ಮಣಿಚೌಕಟ್ಟು ಬೇಕು. ನಾಲ್ಕು ಕಡ್ಡಿ ನಿಲ್ಲಿಸಿದ ಹಲಗೆ, ಒಂದೇ ಬಣ್ಣದ ಮಣಿ. ಬಣ್ಣ ಬಣ್ಣದ್ದನ್ನು ತರಬೇಡಿ. ಎಲ್ಲ ಮಣಿಯೂ ಒಂದೇ ತರ ಇದ್ದಾಗ ಮಾತ್ರ ಜಾಗ ಮಾತಾಡುತ್ತದೆ. ನಮ್ಮದು ಮನೆಯಲ್ಲೇ ಮಾಡಿದ್ದು, ಥರ್ಮಾಕೋಲಿಗೆ ನಾಲ್ಕು ಸೈಕಲ್ ಕಡ್ಡಿ ಚುಚ್ಚಿ, ಹರಿದ ಸರದ ಮಣಿ ಹಾಕಿದೆವು. ದಾವಣಗೆರೆ ಜಿಲ್ಲೆ ಹುಟ್ಟಿದ ವರ್ಷ ಹಾಕು ಎಂದೆ. ಅಲ್ಲಿಯವರೆಗೆ ನಾವು ಚಿತ್ರದುರ್ಗ ಜಿಲ್ಲೆ, 1997ರ ಆಗಸ್ಟ್ 15ಕ್ಕೆ ಬೇರೆಯಾದದ್ದು. ಒಂದು ಮಣಿ, ಒಂಬತ್ತು, ಒಂಬತ್ತು, ಏಳು. ಎರಡು ಒಂಬತ್ತೂ ಒಂದೇ ಎತ್ತರಕ್ಕೆ ನಿಂತವು. ಒಂದು ಒಂಬೈನೂರು, ಇನ್ನೊಂದು ತೊಂಬತ್ತು. ಅವಳು ಎದ್ದು ಹೋಗಿ ಪೆಟ್ಟಿಗೆಯಿಂದ ಒಂಬತ್ತು ಹಲಗೆ, ಒಂಬತ್ತು ಕಡ್ಡಿ ತಂದು ಮಣಿಗಳ ಮುಂದೆ ಇಟ್ಟಳು. ನಾನು ಹೇಳಿರಲಿಲ್ಲ.

ಆಮೇಲೆ ನಮ್ಮ ಪಿನ್‌ಕೋಡ್ ಬಗ್ಗೆ ಕೇಳಿದಳು. 577002 ಎಂದರೆ ಐದು ಲಕ್ಷದ ಎಪ್ಪತ್ತೇಳು ಸಾವಿರದ ಎರಡಾ? ಒಳ್ಳೆಯ ಪ್ರಶ್ನೆ. ಹಾಗೆ ಓದಬಹುದು, ಆದರೆ ಅಲ್ಲಿ ಯಾವುದನ್ನೂ ಎಣಿಸಿಲ್ಲ. ಗಾಡಿ ನಂಬರಿನ ಕೆಎ 17ರಂತೆ ಅದು ಬರೀ ಗುರುತು. ಅಂಕಿ ಇದ್ದ ಕಡೆಯೆಲ್ಲ ಎಷ್ಟು ಎಂಬ ಲೆಕ್ಕ ಇರುವುದಿಲ್ಲ ಎಂದು ಹೇಳಿದೆ.

ಒಟ್ಟಿನಲ್ಲಿ, ಎರಡು, ಮೂರನೇ ತರಗತಿಯ ಮಗು ಇದ್ದು, ದಿನಾ ಇಪ್ಪತ್ತು ನಿಮಿಷ ಜೊತೆಗೆ ಕೂರಲು ಆಗುವುದಾದರೆ ತನ್ನಿ. ಮಗುವಿನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುವುದಾದರೆ ಬೇಡ, ಮನೆ ಕಟ್ಟುವ ಆಟ ಆಗುತ್ತದೆ. ಬಾಯಿಗೆ ಹಾಕುವ ವಯಸ್ಸಿನ ಮಗು ಇರುವ ಮನೆಗೂ ಬೇಡ, ಬಿಡಿಗಳು ತೀರಾ ಚಿಕ್ಕವು. 560 ಸ್ವಲ್ಪ ಜಾಸ್ತಿಯೇ. ಇಪ್ಪತ್ತು ಕಡ್ಡಿ ಕೊಟ್ಟಿದ್ದರೆ ಜಾಸ್ತಿ ಎನ್ನುತ್ತಿರಲಿಲ್ಲ.

ರಾತ್ರಿ ಪೆಟ್ಟಿಗೆ ಮುಚ್ಚುವ ಮುಂಚೆ ಬಿಡಿಗಳನ್ನು ಹತ್ತರ ಸಾಲಿನಲ್ಲಿ ಜೋಡಿಸುವುದು ಮಗಳ ಕೆಲಸ. ನಿನ್ನೆ ಒಂಬತ್ತು ಸಾಲು ತುಂಬಿ, ಕೊನೆಯ ಸಾಲಿನಲ್ಲಿ ಏಳಿದ್ದವು. ಎಣಿಸದೆಯೇ “ಮೂರು ಕಮ್ಮಿ” ಎಂದು ಟಾರ್ಚ್ ಹಿಡಿದು ಮಂಚದ ಕೆಳಗೆ ಹೋದಳು. ಎರಡು ಸಿಕ್ಕವು.